ಬಾಗಿಲಲ್ಲಿದ್ದ ಅಪ್ಪನ ಬೂಟು

ವಠಾರದಲ್ಲಿ ಇದ್ದಷ್ಟು ಕಾಲ ಅಮ್ಮ ವಠಾರವನ್ನು ಬೈದುಕೊಂಡೇ ಇದ್ದಳು. ನಲ್ಲಿಗೆ ಸಾಲು, ಕಕ್ಕಸಿಗೆ ಸಾಲು, ನಮ್ಮನೆಯಲ್ಲಿ ಒಗ್ಗರಣೆ ಹಾಕಿದರೆ ಇವತ್ತು ಏನು ಹುಳಿ ಅಂತ ಕೊನೇ ಮನೆಯವರಿಗೂ ಗೊತ್ತಾಗುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಅಪ್ಪ ಆರ್.ಟಿ. ನಗರದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ನಮ್ಮದೇ ನಲ್ಲಿ, ನಮ್ಮದೇ ಬಚ್ಚಲು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಶಾಲೆಗೆ ಹೊರಡುವ ಮುಂಚೆ ಬಕೆಟ್ ಹಿಡಿದು ಯಾರ ಹಿಂದೆಯೂ ನಿಲ್ಲಬೇಕಾಗಿಲ್ಲ ಅನ್ನುವುದೇ ನನಗೆ ಸ್ವರ್ಗವಾಗಿತ್ತು.

ಅಮ್ಮನ ಪಾಲಿಗೆ ಆ ಸ್ವರ್ಗ ಬಹಳ ದಿನ ಉಳಿಯಲಿಲ್ಲ. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ತುಂಬ ಎದೆಯೆತ್ತರ ಕಾಂಗ್ರೆಸ್ ಗಿಡ, ಅದರೊಳಗೆ ಯಾರು ಕೂತಿದ್ದರೂ ಕಾಣುವ ಹಾಗಿರಲಿಲ್ಲ. ಹೀಗಿರುವಾಗ ಹಿಂದಿನ ರಸ್ತೆಯ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿ ತಾಮ್ರದ ಹಂಡೆ, ಟ್ರಾನ್ಸಿಸ್ಟರ್, ಬೀರುವಿನ ರೇಷ್ಮೆ ಸೀರೆ ಎಲ್ಲ ಬಾಚಿಕೊಂಡು ಹೋದರು. ಆ ಮನೆಯಾಕೆ ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಪೊಲೀಸರು ಬಂದರು, ಬರೆದುಕೊಂಡರು, ಕಾಫಿ ಕುಡಿದು ಹೋದರು.

ಅಪ್ಪ ಜಾಲಹಳ್ಳಿ ಕಡೆಯ ಕಾರ್ಖಾನೆಗೆ ನಸುಕಿನಲ್ಲೇ ಕಂಪನಿ ಬಸ್ಸು ಹತ್ತಿದರೆ ವಾಪಸ್ಸು ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ನಾನು ಶಾಲೆಗೆ ಹೋದರೆ ಅಮ್ಮ ಒಬ್ಬಳೇ.

"ನನ್ನ ಕೈಲಿ ಆಗಲ್ಲ ಕಣ್ರೀ. ಇದನ್ನ ಬಾಡಿಗೆಗೆ ಕೊಟ್ಟು ವಠಾರಕ್ಕೇ ಹೋಗೋಣ" ಎಂದಳು.

"ದೀಪಾವಳಿವರೆಗೆ ನೋಡು. ಆಮೇಲೂ ಹೀಗೇ ಅನ್ಸಿದ್ರೆ ಹೋಗೋಣ" ಎಂದರು ಅಪ್ಪ. ಅವರ ಮುಖ ಸಪ್ಪಗಿತ್ತು. ನನಗಂತೂ ಕಣ್ಣು ಮುಚ್ಚಿದರೆ ಬಕೆಟ್ಟುಗಳ ಸಾಲೇ ಕಾಣುತ್ತಿತ್ತು.

ಅಲ್ಲಿಯವರೆಗೆ ಕಾಲ ತಳ್ಳಲು ಅಮ್ಮ ಒಂದು ಉಪಾಯ ಮಾಡಿದಳು. ಅಪ್ಪ ಹಾಕಿ ಬಿಟ್ಟಿದ್ದ ಹಳೇ ಕಾರ್ಖಾನೆ ಬೂಟನ್ನು ಒರೆಸಿ ಮುಂಬಾಗಿಲ ಹೊರಗೆ ಇಟ್ಟಳು. ಒಳಗೆ ಗಂಡಸಿದ್ದಾನೆ ಅಂತ ಕಳ್ಳ ತಿಳಿಯಬೇಕು. ಒಂಟಿ ಹೆಂಗಸರು ಹೀಗೆ ಮಾಡುವುದು ಆಗ ಹೊಸದೇನಲ್ಲ, ಆದರೆ ಅಮ್ಮನಷ್ಟು ಮುತುವರ್ಜಿಯಿಂದ ಯಾರೂ ಮಾಡಿರಲಾರರು. ಬೆಳಿಗ್ಗೆ ಒಂದು ದಿಕ್ಕಿಗೆ, ಮಧ್ಯಾಹ್ನ ಇನ್ನೊಂದು ದಿಕ್ಕಿಗೆ ತಿರುಗಿಸಿಡುತ್ತಿದ್ದಳು. ಪಾತ್ರೆ ಮಾರುವವನು ಬಂದರೆ ಖಾಲಿ ಕೋಣೆಯ ಕಡೆ ತಿರುಗಿ, "ರೀ, ಪಾತ್ರೆ ಬೇಕೇನ್ರೀ?" ಎಂದು ಕೇಳಿ, ಉತ್ತರ ಸಿಕ್ಕವಳ ಹಾಗೆ "ಬೇಡವಂತಪ್ಪ" ಅನ್ನುತ್ತಿದ್ದಳು.

ನಮ್ಮ ಪಕ್ಕದ ಖಾಲಿ ಸೈಟಿನ ಆಚೆ ಒಂದು ಮುಸ್ಲಿಂ ಕುಟುಂಬವಿತ್ತು. ಮನೆಯಾಕೆ ಅಮ್ಮನ ವಯಸ್ಸಿನವರೇ. ಯಜಮಾನರಿಗೆ ಶಿವಾಜಿನಗರದಲ್ಲಿ ಹಣ್ಣಿನ ಮಂಡಿ. ಆಕೆ ಆಗಾಗ ನಮ್ಮ ಗೇಟಿನವರೆಗೂ ಬಂದು, ಬಾಗಿಲ ಕಡೆ ನೋಡಿ, ಹಾಗೇ ತಿರುಗಿ ಹೋಗುತ್ತಿದ್ದರು. "ನಮ್ಮ ಮನೆಗೆ ಬರೋಕೆ ಅವರಿಗೆ ಬಿಗುಮಾನ" ಎಂದು ಅಮ್ಮ ಸಿಡುಕುತ್ತಿದ್ದಳು. ಇವಳು ಮಾಡಿದ್ದೂ ಅಷ್ಟೇ. ಒಂದು ದಿನ ಕೋಸಂಬರಿ ಬಟ್ಟಲು ಹಿಡಿದು ಅಲ್ಲಿಯವರೆಗೆ ಹೋದವಳು, ಬಾಗಿಲಲ್ಲಿ ಗಂಡಸಿನ ದೊಡ್ಡ ಚರ್ಮದ ಚಪ್ಪಲಿ ನೋಡಿ ವಾಪಸ್ಸು ಬಂದಳು. ಯಜಮಾನರು ಮನೆಯಲ್ಲಿರುವಾಗ ಹೆಂಗಸರು ಹರಟೆಗೆ ಅಂತ ಒಳಗೆ ಹೋಗುತ್ತಿದ್ದ ಕಾಲವಲ್ಲ ಅದು. ಆ ಚಪ್ಪಲಿಯೋ, ಯಾವಾಗ ನೋಡಿದರೂ ಅಲ್ಲೇ ಇರುತ್ತಿತ್ತು.

ದಸರಾ ರಜೆಯ ಒಂದು ಮಧ್ಯಾಹ್ನ. ನಾನೂ ಮನೆಯಲ್ಲಿದ್ದೆ. ಹಿತ್ತಲಲ್ಲಿ ಏನೋ ಧಡ್ ಅಂತ ಬಿತ್ತು, ಅದರ ಹಿಂದೆಯೇ ತಗಡು ಎಳೆದಾಡಿದ ಸದ್ದು. ಅಮ್ಮನ ಮುಖ ಬಿಳಿಚಿಕೊಂಡಿತು. "ರೀ, ಎದ್ದು ಬನ್ರೀ" ಎಂದು ಖಾಲಿ ಕೋಣೆಗೆ ಕೂಗಿದಳು. ಅವಳ ದನಿ ಕೇಳಿ, ಅಪ್ಪ ಒಳಗಿದ್ದಾರೇನೋ ಎಂದು ನನಗೇ ಒಂದು ಗಳಿಗೆ ಅನ್ನಿಸಿತು. ಸದ್ದು ನಿಲ್ಲಲಿಲ್ಲ. ಅಮ್ಮ ನನ್ನ ರಟ್ಟೆ ಹಿಡಿದು, ಬೂಟು ದಾಟಿ, ಕಾಂಗ್ರೆಸ್ ಗಿಡದ ನಡುವೆ ನುಗ್ಗಿ ಪಕ್ಕದ ಮನೆ ಬಾಗಿಲು ಬಡಿದಳು.

"ನಿಮ್ಮ ಯಜಮಾನ್ರನ್ನ ಸ್ವಲ್ಪ ಕಳಿಸಿ, ಹಿತ್ತಲಲ್ಲಿ ಯಾರೋ ಇದ್ದಾರೆ."

ಬಾಗಿಲು ತೆರೆದ ಆಕೆ ಗಾಬರಿಯಾದರು. "ಅವರೆಲ್ಲಿದ್ದಾರೆ ಅಕ್ಕ, ಬೆಳಿಗ್ಗೆ ಕತ್ತಲಲ್ಲೇ ಮಂಡಿಗೆ ಹೋದ್ರು."

"ಚಪ್ಪಲಿ ಇಲ್ಲೇ ಇದೆಯಲ್ಲ?"

"ಅದು ಹಳೇದು. ಕಳ್ಳರ ಭಯ ಅಂತ ಸುಮ್ನೆ ಇಟ್ಟಿದ್ದೀನಿ. ನಿಮ್ಮೋರು ಎಲ್ಲಿ? ಬೂಟು ಬಾಗ್ಲಲ್ಲೇ ಇರುತ್ತಲ್ಲ?"

"ನಮ್ದೂ ಹಳೇದೇ" ಎಂದಳು ಅಮ್ಮ.

ಆಕೆ ಲಟ್ಟಣಿಗೆ ತಂದರು, ಅಮ್ಮನ ಕೈಗೆ ಪೊರಕೆ ಕೊಟ್ಟರು. ಮೂವರೂ ಒಬ್ಬರಿಗೊಬ್ಬರು ಅಂಟಿಕೊಂಡು ಮನೆಯ ಪಕ್ಕದಿಂದ ಹಿತ್ತಲಿಗೆ ಹೋದೆವು. ಒಂದು ಎಮ್ಮೆ ನಿಂತಿತ್ತು. ಹಾಲಿನವಳು ಸಂಜೆ ತೆಗೆದುಕೊಂಡು ಹೋಗಲಿ ಅಂತ ಅಮ್ಮ ಕಲಗಚ್ಚು ಇಟ್ಟಿದ್ದ ಬಕೆಟ್ಟಿಗೆ ಮೂತಿ ತೂರಿಸಿ, ತೆಗೆಯಲಾಗದೆ, ಬಕೆಟ್ಟನ್ನು ಒಗೆಯುವ ಕಲ್ಲಿಗೆ ಬಡಿಯುತ್ತಿತ್ತು.

ಅಮ್ಮ ಆ ಕಲ್ಲಿನ ಮೇಲೇ ಕುಸಿದು ಕೂತು ನಗತೊಡಗಿದಳು. ಹೊಸ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಿ ಎದೆ ಹಗುರಾಯಿತು.

"ಎಷ್ಟ್ ಸಲ ಬಂದೆ ಅಕ್ಕ" ಎಂದರು ಆಕೆ, ಕಣ್ಣು ಒರೆಸಿಕೊಳ್ಳುತ್ತಾ. "ಬೂಟು ನೋಡಿ ವಾಪಸ್ ಹೋದೆ. ಪಾಪ, ಸಾಹೇಬ್ರಿಗೆ ಕೆಲಸ ಹೋಗಿದೆ, ಮನೇಲೇ ಕೂತಿದ್ದಾರೆ ಅಂತ ದುವಾ ಕೂಡ ಮಾಡ್ದೆ."

ಸಂಜೆ ಇದನ್ನು ಕೇಳಿ ಅಪ್ಪನಿಗೆ ನಗಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಮಾರನೇ ದಿನದಿಂದ ಮಧ್ಯಾಹ್ನದ ಅಕ್ಕಿ ಆರಿಸುವುದು, ಬಟ್ಟೆ ಹೊಲಿಯುವುದು ಎಲ್ಲ ಒಂದು ದಿನ ಆ ಮನೆಯಲ್ಲಿ, ಒಂದು ದಿನ ಈ ಮನೆಯಲ್ಲಿ. ಒಬ್ಬರು ಅಂಗಡಿಗೆ ಹೋದರೆ ಇನ್ನೊಬ್ಬರ ಕಣ್ಣು ಎರಡೂ ಬಾಗಿಲ ಮೇಲೆ. ಖಾಲಿ ಸೈಟಿನಲ್ಲಿ ಗಿಡ ಸತ್ತು ಕಾಲುದಾರಿಯೇ ಬಿತ್ತು. ಬಡಾವಣೆಯಲ್ಲಿ ಕಳ್ಳತನವೇನೂ ನಿಲ್ಲಲಿಲ್ಲ. ಮೂಲೆ ಮನೆಯವರ ಸೈಕಲ್ಲು ಹೋಯಿತು, ಇನ್ಯಾರದೋ ಬೀಗ ಒಡೆದರು. ಅಮ್ಮ ಕೇಳಿ ಅಯ್ಯೋ ಅನ್ನುತ್ತಿದ್ದಳು, ಆದರೆ ಹಗಲಲ್ಲಿ ಚಿಲಕ ಹಾಕಿಕೊಂಡು ಕೂರುವುದನ್ನು ಬಿಟ್ಟಿದ್ದಳು.

ದೀಪಾವಳಿ ಬಂತು. ಎಣ್ಣೆಸ್ನಾನ ಮುಗಿಸಿ ಬಂದ ಅಪ್ಪ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ, ಅಮ್ಮನ ಮುಖ ನೋಡದೆ ಕೇಳಿದರು. "ಮತ್ತೆ, ವಠಾರದಲ್ಲಿ ಮನೆ ವಿಚಾರಿಸ್ಲಾ?"

ಅಮ್ಮ ಕಜ್ಜಾಯದ ಬಾಣಲೆಯಿಂದ ತಲೆ ಎತ್ತಲಿಲ್ಲ.

"ನಾವು ಹೋದ್ರೆ ಹಗಲೆಲ್ಲ ಅವರೊಬ್ಬರೇ ಆಗ್ಬಿಡ್ತಾರಲ್ರೀ" ಎಂದಳು.

ಅಪ್ಪ ಆ ಬೂಟನ್ನು ಅವತ್ತೇ ಗುಜರಿಗೆ ಹಾಕಿದರು. ಆಮೇಲೆ ನಾನು ಶಾಲೆಯಿಂದ ಬರುವಾಗ ನಮ್ಮ ಬಾಗಿಲಲ್ಲಿ ಇರುತ್ತಿದ್ದದ್ದು ಪಕ್ಕದ ಮನೆಯಾಕೆಯ ಸವೆದ ಹಸಿರು ಹವಾಯಿ ಚಪ್ಪಲಿ.