ಕಿಟ್ಟಣ್ಣನ ಮೂರು ನಿಮಿಷಕ್ಕೊಂದು ಪರದೆ

ಮದರಾಸಿನ ರಾಯಪುರಂ ಬಂದರು ಕಚೇರಿಯ ಗುಮಾಸ್ತ ಭೋಜರಾಜ ಒಂದು ಚಪ್ಪಲಿ ಕೊಳ್ಳಬೇಕಾದರೂ ನಾಲ್ಕು ಅಂಗಡಿ ಹತ್ತಿಳಿದು, ಮೀನಮೇಷ ಎಣಿಸಿ, ಕೊನೆಗೆ ಹಳೆಯದಕ್ಕೇ ಹೊಲಿಗೆ ಹಾಕಿಸುವ ಆಸಾಮಿ. ಅಂಥವನ ಮನೆಗೆ ೧೯೬೨ರಲ್ಲಿ ಸಿನಿಮಾ ಪ್ರೊಜೆಕ್ಟರ್ ಬಂತೆಂದರೆ ಬೀದಿಯವರು ನಂಬಲಿಲ್ಲ. ಅವನೇನೂ ಕೊಂಡದ್ದಲ್ಲ. ನುಂಗಂಬಾಕ್ಕಂನ ಉಡುಪಿ ಹೋಟೆಲಿಗೆ ದಿನಾ ದೋಸೆ ತಿನ್ನಲು ಬರುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ ದೇಶ ಬಿಟ್ಟು ಹೊರಡುವಾಗ ಆ ಪುಟ್ಟ ಯಂತ್ರವನ್ನೂ ಒಂದು ರೀಲನ್ನೂ ಇವನ ಕೈಗೆ ಕೊಟ್ಟುಹೋಗಿದ್ದ. ರೀಲಿನಲ್ಲಿ ಇದ್ದದ್ದು ಆ ಹೋಟೆಲಿನ ಅಡುಗೆಯವನಾಗಿದ್ದ ಕಿಟ್ಟಣ್ಣ, ಭೋಜರಾಜನ ಮಾವ.

ಕಿಟ್ಟಣ್ಣ ತೀರಿಕೊಂಡು ವರ್ಷ ಕಳೆದಿತ್ತು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಮನುಷ್ಯ ಅವನು. ಮಗಳು ಜಲಜೆಯ ಮದುವೆಯ ಗುಂಪುಫೋಟೋದಲ್ಲೂ ಕಂಬದ ಹಿಂದೆ ನಿಂತಿದ್ದ. ಅದರಿಂದ ಆಯುಷ್ಯವೇನೂ ಹೆಚ್ಚಾದಂತೆ ಕಾಣಲಿಲ್ಲ. ಅಧಿಕಾರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನಿಗೆ ಗೊತ್ತಾಗದಂತೆ ಹಿಡಿದ ಮೂರು ನಿಮಿಷವೇ ಈಗ ಉಳಿದ ಗುರುತು. ನಲವತ್ತು ವರ್ಷ ಮದರಾಸಿನ ಒಲೆಯ ಮುಂದೆ ಬೆಂದು, ವರ್ಷಕ್ಕೆ ಹದಿನೈದು ದಿನ ಊರಿಗೆ ಹೋಗಿಬರುತ್ತಿದ್ದವನ ಮುಖವನ್ನು ಹೆಂಡತಿ ಗುಣವತಿ ನೋಡಿದ್ದೇ ಕಡಿಮೆ. ವರ್ಷಾಂತಿಕ ಮುಗಿಸಿಕೊಂಡು ಆಕೆ ಮೊದಲ ಬಾರಿಗೆ ಮಗಳ ಮನೆಗೆ ಬರುವವಳಿದ್ದಳು. ಅತ್ತೆಗೆ ಆ ಮುಖವನ್ನು ಒಮ್ಮೆ ಸರಿಯಾಗಿ ತೋರಿಸಬೇಕೆಂದು ಭೋಜರಾಜ ಹಟ ತೊಟ್ಟ.

ಬಾಡಿಗೆ ಮನೆಯ ಗೋಡೆಗೆ ಹಸಿರು ಬಣ್ಣ. ಅದರ ಮೇಲೆ ಚಿತ್ರ ಬಿಟ್ಟರೆ ಮಾವ ಪಾಚಿ ಹಿಡಿದವನ ಹಾಗೆ ಕಂಡ. ಸುಣ್ಣ ಬಳಿಯುತ್ತೇನೆಂದರೆ ಮನೆಯೊಡೆಯ ಒಪ್ಪಲಿಲ್ಲ. ಹೊದಿಕೆ ಕಟ್ಟಿದರೆ ಫ್ಯಾನಿನ ಗಾಳಿಗೆ ಮಾವನ ಹೊಟ್ಟೆ ಉಬ್ಬಿ ಇಳಿಯಿತು. ಜಲಜೆ ನಕ್ಕಳು, ಆಮೇಲೆ ಅತ್ತಳು. ವಿಧಿಯಿಲ್ಲದೆ ಭೋಜರಾಜ ಮೌಂಟ್ ರೋಡಿನ ಒಂದು ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದ.

ಅಂಗಡಿಯವನು ಎರಡು ಬಗೆಯ ಪರದೆ ಬಿಚ್ಚಿ ತೋರಿಸಿದ. ಸಾಸಿವೆಗಿಂತ ಸಣ್ಣ ಗಾಜಿನ ಮಣಿ ಅಂಟಿಸಿದ್ದು ಫಳಫಳ ಹೊಳೆಯುತ್ತದೆ, ಆದರೆ ನೇರ ಎದುರಿಗೆ ಕೂತವರಿಗೆ ಮಾತ್ರ. ಬರೀ ಬಿಳಿಯದು ಅಷ್ಟು ಹೊಳೆಯದು, ಆದರೆ ಮೂಲೆಯಲ್ಲಿ ಕೂತವರಿಗೂ ಒಂದೇ ಸಮನಾಗಿ ಕಾಣುತ್ತದೆ. ಹತ್ತಡಿ ಕೋಣೆಗೆ ಬಿಳಿಯದೇ ಧಾರಾಳ ಎಂದ. ಅದಕ್ಕೂ ತೊಂಬತ್ತು ರೂಪಾಯಿ, ಭೋಜರಾಜನ ಅರ್ಧ ಸಂಬಳಕ್ಕಿಂತ ಮೇಲೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಅವನು ಪರದೆಯನ್ನು ಮುಟ್ಟಿ, ತಿರುವಿ, ಕೆಳಗಿನ ಪಟ್ಟಿ ಬಟ್ಟೆಯನ್ನು ಹೇಗೆ ಎಳೆದು ಹಿಡಿದಿದೆ ಎಂದೂ ನೋಡಿ, ಬರೀ ವಿದ್ಯೆಯನ್ನು ಪುಕ್ಕಟೆ ಪಡೆದು ಹೊರಬಿದ್ದ.

ಚೈನಾ ಬಜಾರಿನಿಂದ ದಪ್ಪನೆಯ ಲಾಂಗ್‌ಕ್ಲಾತ್ ಬಟ್ಟೆ ಎರಡು ಗಜ ಬಂತು. ಬಡಗಿಯಿಂದ ಎರಡು ಮರದ ಪಟ್ಟಿ ಬಂದವು. ಎಲ್ಲ ಸರಿಯಾಯಿತು, ಬಟ್ಟೆಯ ಸುಕ್ಕೊಂದು ಹೋಗಲಿಲ್ಲ; ಇಸ್ತ್ರಿ ಮಾಡಿ ತೂಗುಹಾಕಿದರೆ ಮರುದಿನ ಮತ್ತೆ ಹಾಜರು. ಅತ್ತೆ ಬಂದು ಎಂಟು ದಿನವಾದರೂ ಭೋಜರಾಜ ಸುಕ್ಕಿನ ಜೊತೆಗೇ ಗುದ್ದಾಡುತ್ತಿದ್ದ. ಎದೆಯೊಡೆದುಕೊಂಡಾಳೆಂಬ ಅಳುಕಿಗೆ ಆಕೆಗೆ ರೀಲಿನ ವಿಷಯ ಹೇಳಿರಲೂ ಇಲ್ಲ.

ಮಾರನೆಯ ದಿನ ಗುಣವತಿ ಮಂಗಳೂರು ಮೇಲ್ ರೈಲಿಗೆ ಹೊರಡಬೇಕು. ಅದರ ಹಿಂದಿನ ಸಂಜೆ ಭೋಜರಾಜ ಕಚೇರಿಯಿಂದ ಬಂದು ನೋಡುತ್ತಾನೆ, ಬಟ್ಟೆ ಹಲಗೆಯ ಹಾಗೆ ಸೆಟೆದು ನಿಂತಿದೆ, ಒಂದು ಸುಕ್ಕಿಲ್ಲ. ಆದರೆ ಬಿಳಿಯೂ ಇಲ್ಲ. ಅಳಿಯ ಸುಕ್ಕಿಗಾಗಿ ಒದ್ದಾಡುವುದನ್ನು ನೋಡಲಾರದೆ ಅತ್ತೆ ಗಂಜಿ ಹಾಕಿದ್ದಳು. ಮದರಾಸಿನ ಬೆಳ್ತಿಗೆ ಅಕ್ಕಿ ಉಂಡರೆ ಹೊಟ್ಟೆ ತುಂಬುವುದಿಲ್ಲವೆಂದು ಊರಿನಿಂದ ಕಟ್ಟಿ ತಂದಿದ್ದ ಕುಚ್ಚಲಕ್ಕಿಯ ಕೆಂಪು ಗಂಜಿ.

“ಗಂಜಿ ಹಾಕದೆ ಬಟ್ಟೆ ನಿಲ್ಲುದುಂಟಾ?” ಎಂದಳು ಗುಣವತಿ, ಹೆಮ್ಮೆಯಿಂದ.

ಭೋಜರಾಜನಿಗೆ ಮೈಯೆಲ್ಲ ಉರಿಯಿತು. ಮತ್ತೆ ಒಗೆಯೋಣವೆಂದರೆ ಹೊರಗೆ ತಮಿಳರ ಐಪ್ಪಸಿ ತಿಂಗಳ ಜಡಿಮಳೆ, ನಾಳೆಯೊಳಗೆ ಒಣಗುವುದಿಲ್ಲ. ಹಲ್ಲು ಕಚ್ಚಿಕೊಂಡು ಅದನ್ನೇ ಪಟ್ಟಿಗೆ ಹೊಡೆದ. ದೀಪ ಆರಿಸಿ ರೀಲು ಬಿಟ್ಟ.

ಕಿಟ್ಟಣ್ಣ ಕಾವಲಿಗೆ ಹಿಟ್ಟು ಹುಯ್ದ, ದೋಸೆ ಮಗುಚಿದ, ಯಾರದೋ ಮಾತಿಗೆ ತಲೆಯೆತ್ತಿ ನಕ್ಕ. ಕಪ್ಪು ಬಿಳುಪಿನ ಚಿತ್ರ, ಬಿಳುಪಿರಬೇಕಾದಲ್ಲೆಲ್ಲ ನಸುಗೆಂಪು. ಮುಖದ ಗೆರೆ ಗೆರೆಯೂ ಕಂಡಿತು. ಗುಣವತಿ ಅಳಲಿಲ್ಲ. ಇನ್ನೊಮ್ಮೆ ಹಾಕಿ ಎಂದಳು, ಮತ್ತೂ ಒಮ್ಮೆ ಎಂದಳು. ನಾಲ್ಕನೆಯ ಸಲವೂ ಮುಗಿಯಿತು.

“ಊರಿಗೆ ಬಂದಾಗ ಇವರನ್ನು ಒಲೆ ಹತ್ರ ನಾನು ಬಿಟ್ಟದ್ದೇ ಇಲ್ಲ,” ಎಂದಳು. “ವರ್ಷವಿಡೀ ಅದೇ ಅಲ್ವಾ, ಹದಿನೈದು ದಿನ ಆದ್ರೂ ಕೂತ್ಕೊಳ್ಳಲಿ ಅಂತ. ಬೆಂಕಿ ಎದುರು ಇವರ ಮುಖ ಹೀಗೆ ಕೆಂಪಾಗ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಜಲಜೆ ಏನೋ ಹೇಳಲು ಬಾಯಿ ತೆರೆದಳು. ಭೋಜರಾಜ ಕತ್ತಲಲ್ಲಿ ಅವಳ ಕೈ ಹಿಡಿದು ತಡೆದ.

“ಹೌದು ಅತ್ತೆ,” ಎಂದ. “ಅಲ್ಲಿ ತುಂಬ ಸೆಕೆ.”