ನನ್ನ ಬೆನ್ನ ಹಿಂದೆ ನಿಂತವಳು

ನಮ್ಮ ಕಡೆಯ ಜನ ಎಷ್ಟು ಮಾತುಗಾರರೋ, ಕ್ಯಾಮೆರಾ ಕಂಡರೆ ಅಷ್ಟೇ ಕಲ್ಲಾಗಿಬಿಡುತ್ತಾರೆ. ಹಾನಗಲ್ಲಿನ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಬಾಗಿಲವರೆಗೂ ಒಬ್ಬರನ್ನೊಬ್ಬರು ಕಾಡಿಸುತ್ತಾ ಬರುವ ಕುಟುಂಬ, ಲೈಟು ಹಾಕಿದ ಕೂಡಲೇ ಉಸಿರು ಹಿಡಿದು, ಕೈಗಳನ್ನು ತೊಡೆಯ ಮೇಲೆ ಊರಿ, ಆಧಾರ್ ಕಾರ್ಡಿಗೆ ಕುಳಿತಂತೆ ಕುಳಿತುಬಿಡುತ್ತದೆ. ಮಗುವಿನ ಪಾಡಂತೂ ಕೇಳಲೇಬೇಡಿ. ಮುಖಕ್ಕೆ ಪೌಡರ್ ಬಳಿದು, ಕುತ್ತಿಗೆ ಬಿಗಿಯುವ ಕೋಟು ತೊಡಿಸಿ, "ನಗು, ನಗು" ಎಂದು ನಾಲ್ಕು ಕಡೆಯಿಂದ ಗದರಿಸುತ್ತಾರೆ. ಗದರಿಸಿದರೆ ಯಾವ ಮಗು ನಗುತ್ತದೆ? ನನಗೆ ಸಿಟ್ಟು ನೆತ್ತಿಗೇರುತ್ತದೆ. ಅದಕ್ಕೇ ಈಗೀಗ ನಾನೇ ಮನೆಗಳಿಗೆ ಹೋಗಿ ಫೋಟೋ ತೆಗೆಯುತ್ತೇನೆ. ಅವರ ಅಂಗಳ, ಅವರ ಕಟ್ಟೆ, ಅವರ ಬಿಸಿಲು. ಜೀವ ಸ್ವಲ್ಪ ಸಡಿಲಾಗುತ್ತದೆ.

ಮಕ್ಕಳ ವಿಷಯದಲ್ಲಿ ನನ್ನದು ಒಂದೇ ಉಪಾಯ. ಮಗು ಯಾರ ಜೊತೆ ಹೆಚ್ಚು ಆಡುತ್ತದೋ ಅವರನ್ನು ಫೋಟೋದಿಂದ ಹೊರಗೆ ಕರೆದು ನನ್ನ ಬೆನ್ನ ಹಿಂದೆ ನಿಲ್ಲಿಸುತ್ತೇನೆ. ಅವರು ನನ್ನ ಭುಜದ ಮೇಲಿಂದ ಇಣುಕಿ ಮಾತಾಡಿಸಬೇಕು. ಮಗು ನಗುವುದು ಅವರನ್ನು ನೋಡಿ. ಗೋಡೆಯ ಮೇಲಿನ ಫೋಟೋ ನೋಡುವವರಿಗೆ ಮಾತ್ರ ತಮ್ಮನ್ನೇ ನೋಡಿ ನಕ್ಕಂತೆ ಕಾಣುತ್ತದೆ. ಬಹಳ ಸಲ ಅದು ಸೋದರತ್ತೆಯೋ ಪಕ್ಕದ ಮನೆಯ ಹುಡುಗಿಯೋ ಆಗಿರುತ್ತದೆ. ಸವಣೂರಿನ ಒಂದು ಮನೆಯಲ್ಲಿ ಹಾಲು ಹಾಕಲು ಬಂದವರನ್ನೇ ಹಿಡಿದು ನಿಲ್ಲಿಸಿಕೊಂಡಿದ್ದೆ.

ಹೋದ ವರ್ಷ ಗೋವಿನಜೋಳದ ಸುಗ್ಗಿ ಮುಗಿದ ಮೇಲೆ ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿಯಿಂದ ಫೋನ್ ಬಂತು. ಪಡಸಾಲೆಯಲ್ಲಿ ತೂಗುಹಾಕಲು ಮನೆಮಂದಿಯ ದೊಡ್ಡ ಫೋಟೋ ಬೇಕಂತೆ. ಹೋದಾಗ ಅಂಗಳದ ತುಂಬ ಕಾಳು ಹರವಿದ್ದರು. ಅಜ್ಜ, ಅಜ್ಜಿ, ಮಗ, ಸೊಸೆ, ಎರಡು ವರ್ಷದ ಒಂದು ಗಂಡು ಮಗು. ಇನ್ನೊಬ್ಬ ಹೆಂಗಸು ಬಾಗಿಲ ಬಳಿ ನಿಂತಿದ್ದಳು. ತವರಿಗೆ ಬಂದ ಮಗಳಿರಬೇಕು ಎಂದುಕೊಂಡೆ. ಉಳಿದವರನ್ನು ಕಟ್ಟೆಯ ಮೇಲೆ ಹಿಂದೆ ಮುಂದೆ ಕೂರಿಸಿ, ಮಗುವನ್ನು ಸೊಸೆಯ ತೊಡೆಯ ಮೇಲೆ ಇಟ್ಟೆ. ಅದು ಮುಷ್ಟಿ ತುಂಬ ಕಾಳು ಹಿಡಿದುಕೊಂಡು ನನ್ನನ್ನು ಹುಬ್ಬುಗಂಟಿಕ್ಕಿ ನೋಡಿತು.

"ಕೂಸು ಯಾರ ಜೋಡಿ ಚಲೋ ಆಡತೈತ್ರಿ?" ಎಂದು ಕೇಳಿದೆ.

ಅಜ್ಜಿ ಬಾಗಿಲ ಕಡೆ ಗದ್ದ ಎತ್ತಿ, "ಆಕೀ ಜೋಡಿ" ಎಂದರು.

"ಹಂಗಾರ ಬರ್ರಿ ಅಕ್ಕಾರ, ನನ್ನ ಹಿಂದ ನಿಂದರ್ರಿ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ನಾನು ಕ್ಯಾಮೆರಾ ಎತ್ತಿದೆ. ನನ್ನ ಕಿವಿಯ ಪಕ್ಕದಲ್ಲೇ ಆಕೆಯ ದನಿ ರಾಗವಾಗಿ ಕೇಳಿಸಿತು: "ಅವ್ವ ಎಲ್ಲಿ? ಅವ್ವನ್ನ ತೋರಸು ನೋಡೂಣು!"

ಮಗು ಕಾಳು ಚೆಲ್ಲಿ, ತಿರುಗಿ, ತನ್ನನ್ನು ಹಿಡಿದುಕೊಂಡವಳ ಗಲ್ಲಕ್ಕೆ ಬೆರಳು ಒತ್ತಿತು. ಆಮೇಲೆ ನಮ್ಮ ಕಡೆ ನೋಡಿ ಬಾಯ್ತುಂಬ ನಕ್ಕಿತು. ಹಿಂದಿನಿಂದ ಚಪ್ಪಾಳೆ. "ಶಾಣ್ಯಾ ನನ ಬಂಗಾರ! ಇನ್ನೊಮ್ಮೆ, ಅವ್ವ ಎಲ್ಲಿ?" ಮತ್ತೆ ಅದೇ ಬೆರಳು, ಅದೇ ನಗು. ಬಿಗಿದುಕೊಂಡು ಕುಳಿತಿದ್ದ ಅಜ್ಜನ ಮುಖವೂ ಅರಳಿತು. ನನಗೋ ಹಬ್ಬ. ಇಷ್ಟು ಸಲೀಸಾಗಿ ನನ್ನ ಕೆಲಸ ಯಾವತ್ತೂ ಆಗಿರಲಿಲ್ಲ.

"ಎಷ್ಟ ಚಂದ ಕಲಿಸೀರಿ! ನನ್ನ ಸಂಗಾಟ ಸ್ಟುಡಿಯೋಕ್ಕ ಬಂದಬಿಡ್ರಿ" ಎಂದು ಚೇಷ್ಟೆ ಮಾಡಿದೆ.

"ಒಂದ ತಿಂಗಳಾತ್ರಿ ಕಲಸಾಕತ್ತು. ಮೊದಲ ಮೊದಲ ತಪ್ಪತಿದ್ದ" ಎಂದಳು. ಕಟ್ಟೆಯ ಮೇಲಿದ್ದ ಸೊಸೆ ತಲೆ ತಗ್ಗಿಸಿದಳು. ನಾನು ತೆಗೆದ ಫೋಟೋಗಳನ್ನು ನೋಡುವುದರಲ್ಲೇ ಮುಳುಗಿದ್ದೆ.

ಆಕೆ ಚಹಾ ತಂದುಕೊಟ್ಟು ಒಳಗೆ ಹೋದಳು. ನಾನು ಅಜ್ಜಿಗೆ, "ನಿಮ್ಮ ಮಗಳನ್ನೂ ಕರೀರಿ, ಎಲ್ಲಾರನ್ನೂ ಕೂಡಿಸಿ ಒಂದ ಹಿಡೀತೇನಿ" ಎಂದೆ.

"ಮಗಳಲ್ಲ ಯವ್ವಾ, ನಮ್ಮ ಸಣ್ಣ ಸೊಸಿ. ಕೂಸು ಆಕೀದ."

ನನಗೆ ಕೂಡಲೇ ತಲೆಗೆ ಹೋಗಲಿಲ್ಲ. ಅಜ್ಜಿ ಚಹಾ ಆರಿಸಿಕೊಳ್ಳುತ್ತಾ ಹೇಳಿದರು. ಮಗು ಹೊಟ್ಟೆಯಲ್ಲಿದ್ದಾಗಲೇ ಕಿರಿಯ ಮಗ ಬೋರಿನ ಮೋಟರು ಚಾಲೂ ಮಾಡಲು ಹೋಗಿ ಕರೆಂಟು ಹೊಡೆದು ತೀರಿಕೊಂಡಿದ್ದ. ಈಗ ಈ ಸಣ್ಣ ಸೊಸೆಗೆ ಉಡಿಕೆ, ಅಂದರೆ ಎರಡನೇ ಮದುವೆ, ಗೊತ್ತಾಗಿದೆ. ಶಿಗ್ಗಾವಿ ಕಡೆಯವನು, ಹೆಂಡತಿ ಸತ್ತವನು, ಇಬ್ಬರು ಮಕ್ಕಳ ತಂದೆ. ಬರುವ ಸೋಮವಾರ ಬಂದು ಸೀರೆ ಉಡಿಸಿ ಕರೆದೊಯ್ಯುತ್ತಾರೆ. ಫೋಟೋದಲ್ಲಿ ಮಗುವನ್ನು ಹಿಡಿದು ಕುಳಿತಿದ್ದ ಹಿರಿ ಸೊಸೆಗೆ ಮಕ್ಕಳಿಲ್ಲ.

"ಕೂಸಿನ್ನ ಕರಕೊಂಡ ಬರಬ್ಯಾಡ ಅಂದಾರವಾ ಅವರು. ನಾವರ ಎಲ್ಲಿ ಕೊಡತೇವಿ? ನಮ್ಮ ಮನಿತನದ್ದು."

ಕಪ್ಪು ಕೈಯಲ್ಲೇ ಉಳಿಯಿತು. ಅವನ ಮಕ್ಕಳಿಗೆ ತಾಯಿ ಬೇಕು, ಆ ತಾಯಿಯ ಮಗುವಿಗೆ ಬೇಡವೇ? ಇದು ಯಾವ ಸೀಮೆಯ ನ್ಯಾಯ? ಹೆತ್ತವಳು ನನ್ನ ಬೆನ್ನಿಗೇ ನಿಂತು, ಬೇರೊಬ್ಬಳನ್ನು ಅವ್ವ ಎಂದು ತೋರಿಸು ಅಂತ ಮಗನಿಗೆ ಹೇಳುತ್ತಿದ್ದಳು. ನಾನು ಹಲ್ಲು ಕಿರಿಯುತ್ತಾ ಭೇಷ್ ಎನ್ನುತ್ತಿದ್ದೆ. ಫೋಟೋದಿಂದ ಆಕೆಯನ್ನು ಹೊರಗಿಟ್ಟವಳೂ ನಾನೇ.

ಎದ್ದು ಅಡುಗೆಮನೆಗೆ ಹೋದೆ. ಆಕೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ನೀವೂ ಕೂಸೂ ಕುಂದರ್ರಿ, ಒಂದ ಫೋಟೋ ಹಿಡೀತೇನಿ. ಯಾರಿಗೂ ತೋರಸಬ್ಯಾಡ್ರಿ, ನಿಮ್ಮ ಹಂತ್ಯಾಕ ಇರಲಿ."

"ಬ್ಯಾಡ್ರಿ" ಎಂದಳು. "ಇಟ್ಕೊಂಡ್ರ ದಿನಾ ನೋಡತೇನಿ. ದಿನಾ ನೋಡಿದ್ರ ಆ ಮನ್ಯಾಗ ನನಗ ಇರಾಕ ಆಗೂದಿಲ್ಲ."

"ಮತ್ತ ಆ ಆಟ ನೀವ ಯಾಕ ಕಲಿಸಿದ್ರಿ?" ನನ್ನ ದನಿ ನನಗರಿಯದೆ ಜೋರಾಯಿತು.

ಆಕೆ ಹಿಟ್ಟಿನಿಂದ ಕಣ್ಣೆತ್ತಲಿಲ್ಲ. "ನಾ ಕಲಸಲಿಲ್ಲಂದ್ರ ಯಾರ ಕಲಸ್ತಾರ್ರಿ? ನಾ ಹ್ವಾದ ಮ್ಯಾಲ ಅಂವ ಅವ್ವಾ ಅವ್ವಾ ಅಂತ ಮನೀ ತುಂಬ ಹುಡುಕ್ಯಾಡಬಾರದು. ಅವ್ವಾ ಅಂದ್ರ ಎದುರಿಗೆ ಒಬ್ಬಾಕಿ ಇರಬೇಕು."

ನಾನು ಕ್ಯಾಮೆರಾದ ಮುಚ್ಚಳ ಹಾಕಿ ಹೆಗಲಿಗೇರಿಸಿಕೊಂಡೆ.

ಹೊರಗೆ ಮಗು ಅಳತೊಡಗಿತು. ಅದರ ನಿದ್ದೆಯ ಹೊತ್ತು. ಕಣ್ಣು ತಿಕ್ಕಿಕೊಳ್ಳುತ್ತಾ, ತಟ್ಟಾಡುತ್ತಾ ಅಡುಗೆಮನೆಗೆ ಬಂದು, ಆಕೆಯ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು, "ಅವ್ವಾ" ಎಂದಿತು.

ಆಕೆ ಬಗ್ಗಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈ ಮೇಲೆತ್ತಿ, ಗೋಡೆ ನೋಡುತ್ತಾ ನಿಂತಳು. ಹಿಂದೆಯೇ ಬಂದ ಹಿರಿ ಸೊಸೆ ಬಾಗಿಲಲ್ಲಿ ತಡೆದು ನಿಂತು, "ಇವತ್ತ ನೀನ ಮಲಗಸ ತಂಗಿ" ಎಂದಳು. ಹಾಗೆ ಅಂದವಳ ಕಣ್ಣು ತುಂಬಿತ್ತು.

"ಬ್ಯಾಡಕ್ಕಾ. ಎತ್ಕೋ. ಲಗೂನ ಎತ್ಕೋ."

ಹಿರಿ ಸೊಸೆ ಎತ್ತಿಕೊಂಡಳು. ಮಗು ಸೀರೆ ಬಿಡಲಿಲ್ಲ. ಅವಳ ಎರಡೂ ಕೈಯಲ್ಲಿ ಒದ್ದಾಡುವ ಮಗು, ಇವಳ ಎರಡೂ ಕೈಯಲ್ಲಿ ಹಿಟ್ಟು. ಇಬ್ಬರೂ ನನ್ನ ಕಡೆ ನೋಡಿದರು. ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಸೀರೆಯಿಂದ ಬಿಡಿಸಿದವಳು ನಾನು.