ತಮ್ಮಣ್ಣನ ಬಾಯಿಬಡುಕ ಫೋನು

ಬೆಳಗಾವಿಯ ಅನಗೋಳದ ನಮ್ಮ ಗಲ್ಲಿಯಲ್ಲಿ ಹನ್ನೊಂದು ವರ್ಷ ಯಾರೂ ತಮ್ಮಣ್ಣ ಸಾಣಿಕೊಪ್ಪನ ಜೊತೆ ಫೋನಿನಲ್ಲಿ ಮನಸ್ಸು ಬಿಚ್ಚಿ ಮಾತನಾಡಲಿಲ್ಲ. "ಹಲೋ" ಅನ್ನುವುದಕ್ಕೂ ಜನ ಒಮ್ಮೆ ಯೋಚಿಸುತ್ತಿದ್ದರು. ಅವನ ಮನೆಯಿಂದ ಮೂರು ಮನೆ ಆಚೆ ಇರುವ ನಾನಂತೂ ಏನೇ ಹೇಳುವುದಿದ್ದರೂ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ಮಾನ ಉಳಿಯುತ್ತಿತ್ತು.

ಕಾರಣ ಇಷ್ಟೇ. ತಮ್ಮಣ್ಣ ತನ್ನ ಫೋನಿಗೆ ಬಂದ ಮತ್ತು ಅದರಿಂದ ಹೋದ ಪ್ರತಿಯೊಂದು ಕರೆಯನ್ನೂ ರೆಕಾರ್ಡ್ ಮಾಡುತ್ತಿದ್ದ. ಅವನ ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೊಂದು ವ್ಯವಸ್ಥೆ ಇತ್ತು. ಒಮ್ಮೆ ಚಾಲೂ ಮಾಡಿಟ್ಟರೆ ಮುಗಿಯಿತು, ಫೋನು ಸದ್ದಿಲ್ಲದೆ ಎಲ್ಲವನ್ನೂ ನುಂಗಿಕೊಂಡು ಕೂರುತ್ತಿತ್ತು. ಎದುರಿನವನಿಗೆ ಸುಳಿವೂ ಸಿಗುತ್ತಿರಲಿಲ್ಲ. ಹಾಲಿನ ಮಾಯಪ್ಪ "ನಾ ಎಂದ ಹಂಗ ಅಂದೇನ್ರಿ?" ಅಂದರೆ ಸಾಕು, ತಮ್ಮಣ್ಣ ಕನ್ನಡಕ ಏರಿಸಿ, "ಆಗಸ್ಟ್ ಹದಿನಾಲ್ಕು, ಮುಂಜಾನೆ ಆರೂ ನಲವತ್ತು. ಕೇಳು" ಎಂದು ಗುಂಡಿ ಒತ್ತುತ್ತಿದ್ದ. ಮಾಯಪ್ಪನ ದನಿಯಲ್ಲೇ "ನಾಳಿಂದ ಒಂದ ಹನಿ ನೀರು ಹಾಕಂಗಿಲ್ರಿ" ಎಂಬ ಪ್ರತಿಜ್ಞೆ ಹೊರಡುತ್ತಿತ್ತು. ಹಿಂದೆ ಎಮ್ಮೆಯೂ ಒದರುತ್ತಿತ್ತು. ಹೆಂಡತಿ ಬಾಳವ್ವ ಎಂದೋ ತವರುಮನೆಯಿಂದ ಫೋನ್ ಮಾಡಿದಾಗ "ಇನ್ನ ಮ್ಯಾಲ ನಿಮ್ಮ ಅವ್ವನ ಸುದ್ದಿ ತೆಗಿಯಂಗಿಲ್ಲ" ಅಂದಿದ್ದಳಂತೆ. ಪಾಪ, ಅತ್ತೆ ತೀರಿಕೊಂಡ ಮೇಲೂ ಅವಳಿಗೆ ಅದರಿಂದ ಬಿಡುಗಡೆ ಸಿಗಲಿಲ್ಲ. ನಾನೊಮ್ಮೆ ಅವನ ಏಣಿಯನ್ನು ಭಾನುವಾರ ಮರಳಿ ತರುತ್ತೇನೆ ಎಂದು ಬಾಯಿ ತಪ್ಪಿ ಫೋನಿನಲ್ಲಿ ಹೇಳಿದ್ದೆ. ಯಾವ ಭಾನುವಾರ ಎಂದು ಹೇಳಿರಲಿಲ್ಲ ಎಂದು ವಾದಿಸಿ ನೋಡಿದೆ. "ಬರೂ ಭಾನುವಾರ ಅಂದೀರಿ ಮಾಸ್ತರ, ಕೇಳಸ್ಲೇನು?" ಅಂದ. ಮೂವತ್ತೆರಡು ವರ್ಷ ಸಾಲೆಯಲ್ಲಿ ಮಕ್ಕಳ ಸುಳ್ಳು ಹಿಡಿದವನು ನಾನು, ಏಣಿ ಹೊತ್ತುಕೊಂಡು ಹೋಗಿ ಇಟ್ಟು ಬಂದೆ.

ಅವನಿಗೆ ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಒಂದು ಸಹಕಾರಿ ಸಂಘದ ಗೋದಾಮಿನಲ್ಲಿ ಕಾರಕೂನನಾಗಿದ್ದಾಗ ಸಾಹೇಬರೊಬ್ಬರು ಫೋನ್ ಮಾಡಿ, ಚೀಟಿ ಆಮೇಲೆ ಕಳಿಸುತ್ತೇನೆ, ನಲವತ್ತು ಚೀಲ ಗೊಬ್ಬರ ಲಾರಿಗೆ ಹಾಕಿಸು ಅಂದಿದ್ದರು. ಇವನು ಹಾಕಿಸಿದ. ಚೀಟಿ ಬರಲಿಲ್ಲ. ವಿಚಾರಣೆಯ ದಿನ ಸಾಹೇಬರು, "ನಾನು? ಫೋನು? ಇವನಿಗೆ?" ಎಂದು ಮೂರು ಪ್ರಶ್ನೆ ಕೇಳಿ ಕೈ ತೊಳೆದುಕೊಂಡರು. ತಮ್ಮಣ್ಣ ಅಮಾನತಾಗಿ ನಾಲ್ಕು ತಿಂಗಳು ಮನೆಯಲ್ಲಿ ಕುಳಿತ. ಆ ನಾಲ್ಕು ತಿಂಗಳು ಅವನ ಮುಖ ನೋಡಲಾಗುತ್ತಿರಲಿಲ್ಲ, ಇದನ್ನು ನಾನು ವ್ಯಂಗ್ಯವಿಲ್ಲದೆಯೇ ಹೇಳುತ್ತಿದ್ದೇನೆ. ಮತ್ತೆ ಕೆಲಸಕ್ಕೆ ಸೇರಿದ ದಿನವೇ ರೆಕಾರ್ಡ್ ಆಗುವ ಫೋನು ತಂದ. ಆಮೇಲೆ ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗೆ ಫೋನು ಬದಲಾದಾಗಲೆಲ್ಲ ಆ ರೆಕಾರ್ಡುಗಳೂ ಗಂಟುಮೂಟೆ ಸಮೇತ ಹೊಸ ಫೋನಿಗೆ ಬರುತ್ತಿದ್ದವು. ನಿವೃತ್ತಿಯಾಗುವ ಹೊತ್ತಿಗೆ ಹನ್ನೊಂದು ಸಾವಿರದ ಮೇಲಿದ್ದವು ಎಂದು ಅವನೇ ಹೆಮ್ಮೆಯಿಂದ ಹೇಳುತ್ತಿದ್ದ.

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ಐಶ್ವರ್ಯಾ. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ಸು ಕಳಿಸುತ್ತಾಳೆ. ಮೀಸೆ ಹಣ್ಣಾದ ಮಿಸ್ತ್ರಿಗಳು ಅವಳ ಮೇಜಿನ ಮುಂದೆ ಸಾಲೆಯ ಹುಡುಗರ ಹಾಗೆ ನಿಲ್ಲುತ್ತಾರೆಂದು ಕೇಳಿದ್ದೇನೆ. ಕೆಲಸದ ಮಾತು ಬಂದರೆ ಅವಳ ಮುಖಕ್ಕೆ ಬೇರೆಯದೇ ಕಳೆ ಬರುತ್ತದೆ.

ಅವಳನ್ನು ನೋಡಲು ಖಾನಾಪುರದಿಂದ ಒಂದು ಸಂಬಂಧ ಬಂತು. ಅಕ್ಕಿ ಗಿರಣಿಯ ಕಲ್ಮೇಶ ಅವರ ಮಗ ಸುಮಿತ. ಹುಡುಗ ಚೆನ್ನಾಗಿದ್ದ, ನಗುತ್ತಿದ್ದ, ಐಶ್ವರ್ಯಾಳಿಗೂ ಹಿಡಿಸಿದ. ಮದುವೆಯಾದ ಮೇಲೆ ನಾನು ಕೆಲಸಕ್ಕೆ ಹೋಗಬಹುದಾ ಎಂದು ಅವಳು ನೇರವಾಗಿ ಕೇಳಿದ್ದಕ್ಕೆ ಮಾತ್ರ ಆ ಮೂವತ್ತು ವರ್ಷದ ಗಂಡಸು, "ಅಪ್ಪಾರನ್ನ ಕೇಳಬೇಕ್ರಿ" ಅಂದ.

ಅವರು ಹೋದ ಮೇಲೆ ಐಶ್ವರ್ಯಾ ನನ್ನೆದುರಿಗೇ ತಂದೆಗೆ ಹೇಳಿದಳು: "ಅಪ್ಪಾ, ನನಗ ಬಂಗಾರ ಬ್ಯಾಡ, ಲಗ್ನಕ್ಕ ದೊಡ್ಡ ಕಾರ್ಯಾಲಯ ಬ್ಯಾಡ. ಕೆಲಸ ಬಿಡಸೂದಿಲ್ಲ ಅಂತ ಅವರ ಬಾಯಿಂದ ಹೇಳಸು. ಇಲ್ಲಂದ್ರ ಈ ಸಂಬಂಧ ಬ್ಯಾಡ."

"ಹೇಳಸೂದಷ್ಟ ಅಲ್ಲ, ರೆಕಾರ್ಡ್‌ನ್ಯಾಗ ಇಡ್ತೀನಿ. ನಾಳಿಗೆ ಒಲ್ಲೆ ಅಂದ್ರ ಕಿವಿಗೆ ಹಿಡೀತೀನಿ!" ಎಂದು ತಮ್ಮಣ್ಣ ಎದೆ ತಟ್ಟಿಕೊಂಡ. ನಾಲ್ಕು ದಿನ ಬಿಟ್ಟು, "ಮಾತಾಡೀನಿ, ಎಲ್ಲಾ ಬರೋಬರಿ ಐತಿ. ನಿಶ್ಚಯಕ್ಕ ಮೊದಲ ಇನ್ನೊಮ್ಮೆ ಪಕ್ಕಾ ಮಾಡಿದ್ರಾತು" ಎಂದು ಮಗಳಿಗೆ ತಿಳಿಸಿದ. ಅವಳು ನಂಬಿದಳು.

ಈಗ ಫೋನಿನ ಸಂಗತಿಗೆ ಬರುತ್ತೇನೆ. ಹೆಣ್ಣು ನೋಡಲು ಬಂದ ದಿನ ಸುಮಿತ ತನ್ನ ಐಫೋನನ್ನು ಕುಂದಾದ ತಟ್ಟೆಯ ಬಾಜು ಬೋರಲಾಗಿ ಇಟ್ಟಿದ್ದ. ಅದರ ಬೆನ್ನ ಮೇಲಿನ ಕಚ್ಚಿದ ಸೇಬು ತಮ್ಮಣ್ಣನ ಕಣ್ಣಿಗೆ ನಾಟಿತು. ಆ ಮನೆತನದಲ್ಲಿ ಎಲ್ಲರ ಕೈಯಲ್ಲೂ ಅದೇ ಇರುತ್ತದೆ ಎಂದು ಅವನೇ ತೀರ್ಮಾನಿಸಿದ. ಕಲ್ಮೇಶ ಅವರ ಅಂಗಿಯ ಕಿಸೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಆಂಡ್ರಾಯ್ಡ್ ಇತ್ತು. ನಾನು ಕಂಡಿದ್ದೆ, ಹೇಳಿಯೂ ಹೇಳಿದೆ. "ಅದು ಗಿರಣಿ ಧೂಳಿನಾಗ ಬಳಸಾಕ ಇಟ್ಟದ್ದಿರಬೇಕ್ರಿ. ಬೀಗರ ಮುಂದ ನಾವು ಕಡಿಮಿ ಕಾಣಬಾರದು" ಅಂದ. ಜೊತೆಗೆ, ಫೋನು ದೊಡ್ಡದಾದಷ್ಟೂ ರೆಕಾರ್ಡು ಸ್ಪಷ್ಟವಾಗುತ್ತದೆ ಎಂಬ ಲೆಕ್ಕವೂ ಅವನ ತಲೆಯಲ್ಲಿತ್ತು.

ಗುರುವಾರ ಟಿಳಕವಾಡಿಯ ಒಂದು ಅಂಗಡಿಗೆ ಹೋಗಿ ಹಳೆಯ ಫೋನು ಕೊಟ್ಟು ಹೊಸ ಐಫೋನು ತಂದ. ಅಂಗಡಿಯವ ಒಳ್ಳೆಯ ಮನುಷ್ಯ. ನಂಬರುಗಳು, ಫೋಟೋಗಳು, ವಾಟ್ಸಾಪು, ಎಲ್ಲವನ್ನೂ ಎರಡು ತಾಸು ಕುಳಿತು ಈ ಕಡೆಯಿಂದ ಆ ಕಡೆಗೆ ಹಾಕಿಕೊಟ್ಟ. "ಹಳೇ ಕಾಲ್ ರೆಕಾರ್ಡಿಂಗ್ ಇದಕ್ಕ ಬರಂಗಿಲ್ರಿ ಅಂಕಲ್, ನಡೀತೈತಿಲ್ರಿ?" ಎಂದೂ ಕೇಳಿದನಂತೆ. ತಮ್ಮಣ್ಣ ಆಗ ಹೊಸ ಫೋನಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ, "ಹೂಂ ಹೂಂ" ಅಂದ. ಅಂಗಡಿಯವ ಹಳೆಯದರಲ್ಲಿದ್ದುದನ್ನೆಲ್ಲ ಒರೆಸಿ ಸ್ವಚ್ಛ ಮಾಡಿಬಿಟ್ಟ. ಹನ್ನೊಂದು ವರ್ಷದ ನಮ್ಮ ಪಾಪಗಳೆಲ್ಲ ಎರಡೇ ನಿಮಿಷದಲ್ಲಿ ಪರಿಹಾರವಾದವು.

ಮನೆಗೆ ಬಂದು ಹುಡುಕಿದಾಗಲೇ ಅವನಿಗೆ ಗೊತ್ತಾದದ್ದು. ಎರಡು ದಿನ ಅನ್ನ ಸೇರಲಿಲ್ಲ. ಬಾಳವ್ವ ಮಾತ್ರ ಶುಕ್ರವಾರ ಹೋಳಿಗೆ ಮಾಡಿದಳು, ಯಾವ ಹಬ್ಬ ಎಂದು ಕೇಳಿದರೆ ಸುಮ್ಮನೆ ನಕ್ಕಳು. ಮಾಯಪ್ಪನ ಹಾಲು ಶನಿವಾರದಿಂದಲೇ ತೆಳ್ಳಗಾಯಿತು. ತಮ್ಮಣ್ಣನಿಗೆ ಹೊಸ ಫೋನಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಸಿಗುತ್ತಿರಲಿಲ್ಲ, ಕನ್ನಡದಲ್ಲಿ ಬರೆಯಲು ಹೋದರೆ ಇನ್ನೇನೋ ಬರುತ್ತಿತ್ತು. ಒಂದೇ ಸಮಾಧಾನವೆಂದರೆ, ಕರೆ ಬಂದಾಗ ಇಲ್ಲಿ ಒತ್ತಿದರೆ ರೆಕಾರ್ಡ್ ಆಗುತ್ತದೆ ಎಂದು ಅಂಗಡಿಯವ ತೋರಿಸಿಕೊಟ್ಟಿದ್ದ.

ಭಾನುವಾರ ಮುಂಜಾನೆ ಕಲ್ಮೇಶ ಅವರು ಫೋನ್ ಮಾಡುವವರಿದ್ದರು. ನಿಶ್ಚಯದ ದಿನ ಗೊತ್ತು ಮಾಡುವ ಮಾತು. ಸಾಕ್ಷಿಗಿರಲಿ ಎಂದು ತಮ್ಮಣ್ಣ ನನ್ನನ್ನೂ ಕರೆಸಿದ. ಬಾಳವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಐಶ್ವರ್ಯಾ ತಂದೆಯ ಎದುರಿಗೆ ಕುಳಿತಳು. ಫೋನು ಟೀಪಾಯಿಯ ಮೇಲೆ, ಎಲ್ಲರಿಗೂ ಕೇಳುವಂತೆ ದನಿ ಹೆಚ್ಚಿಸಿ ಇಟ್ಟಿತ್ತು.

ಕರೆ ಬಂತು. ಶರಣು ಶರಣಾರ್ಥಿ ಆಯಿತು. ತಮ್ಮಣ್ಣ ಮಾತನಾಡುತ್ತಲೇ ಬೆರಳಿನಿಂದ ಮೆಲ್ಲಗೆ ಆ ಗುರುತನ್ನು ಒತ್ತಿದ. ಕೂಡಲೇ ಆ ಫೋನಿನೊಳಗಿನಿಂದ ಒಬ್ಬ ಹೆಣ್ಣುಮಗಳು ಶುದ್ಧ ಇಂಗ್ಲಿಷಿನಲ್ಲಿ, ಈ ಕರೆಯನ್ನು ರೆಕಾರ್ಡ್ ಮಾಡಲಾಗುವುದು ಎಂದು ಈ ಕಡೆಗೂ ಆ ಕಡೆಗೂ ಸಾರಿಬಿಟ್ಟಳು.

ತಮ್ಮಣ್ಣ ಫೋನಿನ ಮೇಲೆ ಅಂಗೈ ಮುಚ್ಚಿದ, ಮತ್ತೆ ತೆಗೆದ. "ಅದು... ಟಿವಿ ಹಚ್ಚಿದ್ವಿರಿ" ಅಂದ.

"ಇರಲಿ ಬಿಡ್ರಿ ಬೀಗರ, ಮಾಡಿಕೊಳ್ರಿ" ಎಂದು ಕಲ್ಮೇಶ ನಕ್ಕರು. "ನಿಮ್ಮ ಫೋನ್ ಹೇಳಿ ಮಾಡ್ತೈತಿ, ನಂದು ಹೇಳದ ಮಾಡ್ತೈತಿ. ಗಿರಣಿ ಧಂದೆರಿ, ಬಾಯಿಮಾತು ನಂಬಿ ಕೈ ಸುಟ್ಟಗೊಂಡೀನಿ. ಮೊದಲನೇ ದಿನದಿಂದ ಎಲ್ಲಾ ಐತಿ ನನ್ನ ಕಡೆ."

ತಮ್ಮಣ್ಣನಿಗೆ ತನ್ನ ಕುಲದವನೇ ಸಿಕ್ಕಷ್ಟು ಧೈರ್ಯ ಬಂತು. ಮಗಳ ಕಡೆ ಒಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡ. "ಹಂಗಾರ ಒಂದ ಮಾತು ಪಕ್ಕಾ ಆಗಲ್ರಿ. ಲಗ್ನ ಆದ ಮ್ಯಾಲ ನಮ್ಮ ಹುಡುಗಿ ಕೆಲಸ ಬಿಡಂಗಿಲ್ಲ."

"ಇದೇನ್ರಿ ಹೊಸಾದು? ಬಿಡಸ್ತೀನಿ ಅಂತ ನೀವ ಹೇಳಿದ್ರಲ್ರಿ!"

"ನಾನು? ಎಂದ ಹೇಳೀನಿ? ಪುರಾವೆ ಐತೇನ್ರಿ?"

ಹನ್ನೊಂದು ವರ್ಷದ ಚಟ, ನಾಲಿಗೆ ತಾನಾಗಿ ಅಂದಿತು. ಕಲ್ಮೇಶ ಸಮಾಧಾನವಾಗಿ, "ತಡೀರಿ, ಕಳಸ್ತೀನಿ" ಅಂದರು. ನಿಮಿಷದೊಳಗೆ ಟೀಪಾಯಿಯ ಮೇಲೆ ಟಿಣ್ ಎಂದಿತು. ಹೊಸ ಫೋನಿನಲ್ಲಿ ಎಲ್ಲಿ ಏನು ತೆರೆಯಬೇಕೆಂದು ತಮ್ಮಣ್ಣನಿಗೆ ತಿಳಿಯದು. ಐಶ್ವರ್ಯಾ ಬಗ್ಗಿ ತೆರೆದಳು.

ಮೊದಲು ಕಲ್ಮೇಶ ಅವರ ದನಿ: ನಮ್ಮದು ದೊಡ್ಡ ಮನೆ, ಹುಡುಗಿ ಕೆಲಸ ಬಿಡಬೇಕಾಗುತ್ತದೆ, ನಡೆಯುತ್ತದೆಯೇ ಎಂಬ ಪ್ರಶ್ನೆ. ಆಮೇಲೆ ತಮ್ಮಣ್ಣನದೇ ದನಿ, ಸಂಬಂಧ ಕೈತಪ್ಪೀತೆಂಬ ಆತುರದಲ್ಲಿ ಬೆಲ್ಲ ಸುರಿಯುತ್ತಿದ್ದ ದನಿ: "ಅಯ್ಯ, ಬಿಟ್ರಾತ ಬಿಡ್ರಿ. ಅದೇನ ಕಲೆಕ್ಟರ್ ನೌಕರಿ ಐತೇನು? ನಟ್ಟು ಬೋಲ್ಟು ಎಣಿಸೂ ಕೆಲಸ. ಅಕಿಗೆ ಆಮ್ಯಾಲ ನಾ ಹೇಳ್ತೀನಿ."

ಐಶ್ವರ್ಯಾ ಅದನ್ನು ಇನ್ನೊಮ್ಮೆ ಹಾಕಿದಳು. ಅಳತೆಯನ್ನು ಎರಡು ಸಲ ನೋಡುವುದು ಅವಳ ರೂಢಿ. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ತಮ್ಮಣ್ಣ ಫೋನನ್ನೇ ನೋಡುತ್ತಿದ್ದ, ಮಗಳನ್ನು ನೋಡಲಿಲ್ಲ.

"ಅಪ್ಪಾ, ಊರ ಮಂದಿ ಮಾತೆಲ್ಲಾ ತುಂಬಿಟ್ಟಿದ್ದಿ. ಅದರಾಗ ನನ್ನ ಮಾತು ಎಷ್ಟಿದ್ವು? ಬರೂ ಮುಂದ ಕೊತಂಬ್ರಿ ತಗೊಂಡ ಬಾ ಅಂತ ನೀ ಅಂದದ್ದಕ್ಕ ನಾ 'ಹೂಂ' ಅಂದಿದ್ದು, ಅಷ್ಟ." ಅವಳ ದನಿ ಏರಲಿಲ್ಲ.

ಕರೆ ಇನ್ನೂ ಹಾಗೇ ಇತ್ತು. ಅವಳು ಫೋನಿನ ಹತ್ತಿರ ಬಾಗಿದಳು. "ನಾ ಐಶ್ವರ್ಯಾರಿ. ನಾ ಕೆಲಸ ಬಿಡಂಗಿಲ್ಲ. ನಮ್ಮಪ್ಪ ಹೇಳಿದ್ದು ಅವನ ಮಾತು, ಇದು ನನ್ನ ಮಾತು. ಎರಡೂ ಫೋನಿನ್ಯಾಗ ಇಟ್ಕೊಳ್ರಿ. ಇದು ನಡೀತೈತಿ ಅಂದ್ರ ನಿಶ್ಚಯಕ್ಕ ಬರ್ರಿ, ಇಲ್ಲಂದ್ರ ಸಿಟ್ಟಿಲ್ಲ."

ಆ ಕಡೆ ಕಲ್ಮೇಶ "ಹಂಗಲ್ಲವಾ..." ಎಂದು ಶುರು ಮಾಡುವಷ್ಟರಲ್ಲಿ, "ಕೊಡ್ರಿ ಇಲ್ಲೆ" ಎಂಬ ಹೆಣ್ಣುದನಿ ಕೇಳಿಸಿತು. ಫೋನು ಕೈ ಬದಲಾದ ಸದ್ದು.

"ನಾನವಾ, ಗೌರವ್ವ, ಸುಮಿತನ ತಾಯಿ. ಲಗ್ನಕ್ಕ ಮೊದಲ ನಾನೂ ಬಾಲವಾಡಿ ಟೀಚರ್ ಇದ್ದೆ. ಬಿಟ್ಟೆ. 'ಬಿಡಿಸಿದ್ದು ನಿಮ್ಮಪ್ಪ' ಅಂತಾರ ಇವರು, 'ಬಿಡಿಸಿದ್ದು ನಿನ್ನ ಗಂಡ' ಅಂತಿದ್ದ ನಮ್ಮಪ್ಪ. ಆಗ ಫೋನ್ ಎಲ್ಲಿದ್ವು? ಯಾರ ಬಾಯಿಂದ ನನ್ನ ಕೆಲಸ ಹೋತು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ನೀ ಬಿಡಬ್ಯಾಡ. ಇಲ್ಲಿಂದ ಮುಂಜಾನೆ ರೈಲಗಾಡಿ ಹತ್ತಿ ದೇಸೂರ ದಾಟಿದ್ರ ಬೆಳಗಾವಿ ಬಂದಂಗ ಐತಿ. ಡಬ್ಬಿ ನಾ ಕಟ್ಟಿ ಕೊಡ್ತೀನಿ. ಇವರಿಗೆ ನಾ ಹೇಳ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಬಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಿಶ್ಚಯದ ದಿನ ಗೊತ್ತಾಯಿತು, ಗೊತ್ತು ಮಾಡಿದ್ದು ಬಾಳವ್ವ, ಗೌರವ್ವ ಇಬ್ಬರು ಹೆಂಗಸರು. ಇಲ್ಲಿ ತಮ್ಮಣ್ಣ, ಅಲ್ಲಿ ಕಲ್ಮೇಶ, ಇಬ್ಬರು ಗಂಡಸರು ಹೂಂ ಅಂದರು.

ಸಂಜೆ ತಮ್ಮಣ್ಣ ನಮ್ಮ ಮನೆಗೆ ಬಂದ. ಫೋನು ಮಾಡದೆ ನಡೆದು ಬಂದದ್ದು ಅದೇ ಮೊದಲು. ಚುಚ್ಚಲು ನನ್ನ ಬಳಿ ನಾಲ್ಕು ಮಾತು ತಯಾರಿದ್ದವು, ಅವನ ಮುಖ ನೋಡಿ ನುಂಗಿಕೊಂಡೆ. ಚಹಾ ಕೊಟ್ಟೆ, ಅವನು ಬಾಜು ಇಟ್ಟ.

"ಮಾಸ್ತರ, ಹಂಗ ಅಂದಿದ್ದು ಖರೇನ ಮರತಿದ್ದೆರಿ. ರೆಕಾರ್ಡ್ ಕೇಳೂ ಮುಂದ ನಾ ಎದುರಿನವರ ಮಾತಷ್ಟ ಕೇಳ್ತಿದ್ದೆ. ನನ್ನ ದನಿ ಬಂತಂದ್ರ ಮುಂದ ಓಡಸ್ತಿದ್ದೆ. ಇವತ್ತ ಮೊದಲನೇ ಸಲ ಪೂರಾ ಕೇಳಿದೆ. ಆ ಗೋದಾಮಿನ ಸಾಹೇಬನ ದನಿ ಇದ್ದಂಗ ಇತ್ತು."

"ಅದನ್ನ ನನಗ ಯಾಕ ಹೇಳ್ತಿ? ಅಕಿಗೆ ಹೇಳು."

"ಮುಂಜಾನಿಂದ ನನ್ನ ಕೂಡ ಮಾತಾಡಿಲ್ರಿ ಅಕಿ."

"ನೀ ಹೋಗಿ ಕೇಳು. ಅಕಿ ಹೇಳಿದ್ದನ್ನ ಪೂರಾ ಕೇಳು. ನಡಕ ಬಾಯಿ ಹಾಕಬ್ಯಾಡ."

ಅವನು ಎದ್ದು ಹೋದ. ಅವರ ಅಂಗಳದ ದೀಪ ಹತ್ತಿತು, ಕಟ್ಟೆಯ ಮೇಲೆ ತಂದೆ ಮಗಳು ಕುಳಿತಿದ್ದು ನಮ್ಮ ಬಾಗಿಲಿಗೆ ಕಾಣುತ್ತಿತ್ತು. ಬಹಳ ಹೊತ್ತು ಕುಳಿತಿದ್ದರು. ಅವನು ಏನು ಕೇಳಿದ, ಅವಳು ಏನು ಹೇಳಿದಳು, ನನಗೆ ಗೊತ್ತಿಲ್ಲ. ಅದರ ರೆಕಾರ್ಡು ಯಾರ ಬಳಿಯೂ ಇಲ್ಲ.